ಫ್ರಟರ್ನಿಟಿ ಮನೆಗಳಲ್ಲಿ ಕೋವಿಡ್ ಅಷ್ಟು ವೇಗವಾಗಿ ಹರಡಿದ್ದು ಯಾಕೆ? ಮಗನನ್ನು ಅಲ್ಲಿ ಇರಲು ಬಿಡಬಹುದೇ?

ಪ್ರಶ್ನೆ: ನನ್ನ ಮಗ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದಾನೆ. ಮೊದಲ ವರ್ಷ ಯೂನಿವರ್ಸಿಟಿ ಹಾಸ್ಟೆಲ್‌ನಲ್ಲಿದ್ದ. ಈಗ ಒಂದು ಫ್ರಟರ್ನಿಟಿಗೆ ಸೇರಿದ್ದಾನೆ. ಮುಂದಿನ ವರ್ಷದಿಂದ ಅವರದೇ ಮನೆಯಲ್ಲಿ ಇರುತ್ತೇನೆ, ಅರವತ್ತು ಹುಡುಗರು ಒಟ್ಟಿಗೆ ಇರುತ್ತಾರೆ ಎನ್ನುತ್ತಾನೆ. ಕೋವಿಡ್ ಸಮಯದಲ್ಲಿ ಇಂಥ ಮನೆಗಳಲ್ಲೇ ಸೋಂಕು ಬೆಂಕಿಯ ಹಾಗೆ ಹರಡಿತ್ತು ಎಂದು ನೆಂಟರೊಬ್ಬರು ಹೇಳಿದಾಗಿನಿಂದ ನೆಮ್ಮದಿಯಿಲ್ಲ. ಆಗ ನಿಜವಾಗಿ ಏನಾಯಿತು? ಅಂಥದ್ದು ಮತ್ತೆ ಬಂದರೆ ಏನು ಗತಿ? ಬೇಡ ಎಂದು ಹೇಳಲೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ನೆಂಟರು ಹೇಳಿದ್ದು ಸುಳ್ಳಲ್ಲ. 2020ರ ಬೇಸಿಗೆಯಿಂದ 2021ರ ಮಾರ್ಚ್‌ವರೆಗೆ ಅಮೆರಿಕದ ಕಾಲೇಜು ಊರುಗಳ ಕೋವಿಡ್ ಲೆಕ್ಕ ತೆಗೆದು ನೋಡಿದರೆ ಫ್ರಟರ್ನಿಟಿ ಮನೆಗಳ ಬೀದಿ ಮತ್ತೆ ಮತ್ತೆ ಎದುರಾಗುತ್ತದೆ. ಆದರೆ ಹುಡುಗರು ಕುಡಿದು ಕುಣಿದರು, ರೋಗ ಬಂತು ಎಂದು ಅಷ್ಟಕ್ಕೇ ಕೈತೊಳೆದುಕೊಂಡರೆ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ. ಕುಡಿದು ಕುಣಿಯುವವರು ಹಾಸ್ಟೆಲ್‌ನಲ್ಲೂ ಇದ್ದರು, ಬಾಡಿಗೆ ಮನೆಗಳಲ್ಲೂ ಇದ್ದರು. ನಾನು ಆ ಕಾಲದಲ್ಲಿ ಅಮೆರಿಕದ ಮಧ್ಯಪಶ್ಚಿಮದ ಒಂದು ಕಾಲೇಜು ಊರಿನ ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿದ್ದೆ. ಯಾರಿಗೆ ಸೋಂಕು ತಗುಲಿದೆ, ಅವರು ಯಾರ ಜೊತೆಗಿದ್ದರು ಎಂದು ಫೋನ್ ಮಾಡಿ ಕೇಳುವ ಕೆಲಸ ನನ್ನದಾಗಿತ್ತು. ಆ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಆ ಮನೆಗಳನ್ನು ಕೆಡಿಸಿದ್ದು ಮಲಗುವ ಕೋಣೆ, ಒಡೆತನದ ಗೊಂದಲ ಮತ್ತು ಬಾಯಿಬಿಡದ ಒಗ್ಗಟ್ಟು. ಪಾರ್ಟಿ ಇವುಗಳ ಮೇಲೆ ಬಂದು ಕೂತಿತು.

ಫ್ರಟರ್ನಿಟಿ ಎಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಹುಡುಗರ ಸಂಘ. ಹುಡುಗಿಯರ ಸಂಘಕ್ಕೆ ಸೊರೊರಿಟಿ ಎನ್ನುತ್ತಾರೆ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಹುಟ್ಟಿತು; ಅದೀಗ ಚೆನ್ನಾಗಿ ಓದುವವರಿಗೆ ಕೊಡುವ ಗೌರವದ ಸಂಘ. ನಿಮ್ಮ ಮಗ ಸೇರಿರುವಂಥ, ಗೆಳೆತನಕ್ಕಾಗಿಯೇ ಇರುವ ಸಂಘಗಳ ಮೂಲ 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಶುರುವಾದ ಕಪ್ಪಾ ಆಲ್ಫಾ ಸೊಸೈಟಿ. ಬಹುಕಾಲ ಇವು ಬಿಳಿಯರ, ಅದರಲ್ಲೂ ಅನುಕೂಲಸ್ಥರ ಸಂಘಗಳಾಗಿದ್ದವು. ಹಾಗಾಗಿಯೇ ಕಪ್ಪು ವರ್ಣೀಯ ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಕಟ್ಟಿದರು. ನಮ್ಮವರ ಮಕ್ಕಳು 1990ರ ದಶಕದಲ್ಲಿ ತಮ್ಮವನ್ನು ಕಟ್ಟಿಕೊಂಡರು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ 1998ರಲ್ಲಿ ಶುರುವಾದ ಡೆಲ್ಟಾ ಎಪ್ಸಿಲಾನ್ ಸೈ ಅಂಥದ್ದೊಂದು. ಇಂಥ ಹೊಸ ಸಂಘಗಳಿಗೆ ಸಾಮಾನ್ಯವಾಗಿ ದೊಡ್ಡ ಸ್ವಂತ ಮನೆ ಇರುವುದಿಲ್ಲ. ಅರವತ್ತು ಜನ ಒಟ್ಟಿಗೆ ಇರುವ ಮನೆ ಎಂದರೆ ನಿಮ್ಮ ಮಗ ಸೇರಿರುವುದು ಬಹುಶಃ ಹಳೆಯ ಸಂಘವೊಂದಕ್ಕೆ.

ಒಡೆತನದ ವಿಷಯ ನಿಮಗೆ ಬೇಗ ಅರ್ಥವಾಗುತ್ತದೆ. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಸಮುದಾಯದ ಸಂಘಗಳು ನಡೆಸುವ ಹಾಸ್ಟೆಲ್‌ಗಳಿವೆಯಲ್ಲ, ಹಾಗೆ. ಹುಡುಗ ಓದುವುದು ಒಂದು ಕಾಲೇಜಿನಲ್ಲಿ, ಇರುವ ಕಟ್ಟಡ ಬೇರೆಯವರದು. ಅಲ್ಲಿ ನೀರು ಬರದಿದ್ದರೆ ಪ್ರಾಂಶುಪಾಲರನ್ನು ಕೇಳಿ ಪ್ರಯೋಜನವಿಲ್ಲ. ಫ್ರಟರ್ನಿಟಿ ಮನೆಯನ್ನೂ ಬಹಳ ಕಡೆ ಹಳೆಯ ವಿದ್ಯಾರ್ಥಿಗಳ ಒಂದು ನಿಗಮ ನೋಡಿಕೊಳ್ಳುತ್ತದೆ. ಅದರ ಮೇಲೆ ದೇಶಮಟ್ಟದ ಕೇಂದ್ರ ಸಂಘ, ಮನೆಯೊಳಗೆ ಹುಡುಗರೇ ಆರಿಸಿಕೊಂಡ ಅಧ್ಯಕ್ಷ, ಪಕ್ಕದಲ್ಲಿ ಯೂನಿವರ್ಸಿಟಿ. ಯೂನಿವರ್ಸಿಟಿಗೆ ಆ ಶಾಖೆಯ ಮಾನ್ಯತೆ ಹಿಂತೆಗೆದುಕೊಳ್ಳುವ ಅಧಿಕಾರವಿದೆ. ಮನೆಗೆ ಬೀಗ ಹಾಕುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಒಳ್ಳೆಯ ದಿನಗಳಲ್ಲಿ ಇದು ಯಾರ ತಲೆಗೂ ಬರುವುದಿಲ್ಲ. 2020ರಲ್ಲಿ ಇದೇ ಕೊರಳಿಗೆ ಉರುಳಾಯಿತು.

ಈಗ ಆ ಮನೆಯೊಳಗೆ ಬನ್ನಿ. ಇಂಡಿಯಾನಾ, ಇಲಿನಾಯ್, ವಾಷಿಂಗ್ಟನ್ ರಾಜ್ಯಗಳ ಹಳೆಯ ಮನೆಗಳಲ್ಲಿ ಹುಡುಗರಿಗೆ ಓದಲು, ಬಟ್ಟೆಬರೆ ಇಡಲು ಇಬ್ಬರಿಗೋ ಮೂವರಿಗೋ ಒಂದು ಕೋಣೆ ಇರುತ್ತದೆ. ಮಲಗುವುದು ಮಾತ್ರ ಮೇಲಿನ ಮಹಡಿಯ ಒಂದೇ ದೊಡ್ಡ ಕೋಣೆಯಲ್ಲಿ. ಇಂಡಿಯಾನಾದ ಕಡೆ ಅದನ್ನು ಕೋಲ್ಡ್ ಡಾರ್ಮ್ ಎನ್ನುತ್ತಾರೆ, ಸಿಯಾಟಲ್ ಕಡೆ ಸ್ಲೀಪಿಂಗ್ ಪೋರ್ಚ್ ಎನ್ನುತ್ತಾರೆ. ಗೋಡೆಯುದ್ದಕ್ಕೂ ಎರಡು ಅಂತಸ್ತಿನ ಮಂಚಗಳು, ಒಂದರ ತಲೆಗೆ ಇನ್ನೊಂದರ ಕಾಲು. ಹಗಲಲ್ಲೂ ಕತ್ತಲೆ, ಮಾತಾಡಬಾರದು, ಯಾವ ಹೊತ್ತಿನಲ್ಲಿ ಹೋದರೂ ಒಬ್ಬರಾದರೂ ಮಲಗಿರುತ್ತಾರೆ. ಹಿಂದೆ ಚಳಿಗಾಲದಲ್ಲೂ ಅಲ್ಲಿ ಕಿಟಕಿ ತೆರೆದಿಡುವ ರೂಢಿಯಿತ್ತು. ಗಾಳಿಯಾಡಿದರೆ ಕಾಯಿಲೆ ಹರಡುವುದು ಕಡಿಮೆ ಎಂಬ ಹಳಬರ ತಿಳಿವಳಿಕೆ ಅದರ ಹಿಂದೆ ಇತ್ತು, ಆ ತಿಳಿವಳಿಕೆ ಸರಿಯಾದದ್ದೇ. ಆದರೆ ನಾನು ಕಂಡ ಮನೆಗಳಲ್ಲಿ ಹೀಟರ್ ಬಂದಿತ್ತು, ಕಿಟಕಿ ಮುಚ್ಚಿತ್ತು. ಕೆಳಗೆ ಎಲ್ಲರಿಗೂ ಒಂದೇ ಊಟದ ಮನೆ, ಸಾಲು ಬಚ್ಚಲುಗಳು. ಗಾಳಿಯಲ್ಲಿ ತೇಲುವ ವೈರಸ್ಸಿಗೆ ಎಂಟು ಗಂಟೆ ಒಂದೇ ಕೋಣೆಯಲ್ಲಿ ಉಸಿರಾಡುವ ನಲವತ್ತು ಜನ ಸಿಕ್ಕರೆ ಇನ್ನೇನು ಬೇಕು? ಪಾರ್ಟಿಯೇ ಇಲ್ಲದ ಮನೆಗೂ ಇದು ಸಾಕಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಸಿಯಾಟಲ್. 2020ರ ಬೇಸಿಗೆಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಉತ್ತರಕ್ಕಿರುವ ಬೀದಿಗಳಲ್ಲಿ ಸುಮಾರು 25 ಫ್ರಟರ್ನಿಟಿ ಮನೆಗಳಲ್ಲಿ ಸಾವಿರದಷ್ಟು ವಿದ್ಯಾರ್ಥಿಗಳು ಉಳಿದಿದ್ದರು. ತರಗತಿಗಳು ಆನ್‌ಲೈನ್ ಆಗಿದ್ದವು. ಆದರೂ ಜುಲೈ ಮೊದಲ ವಾರದೊಳಗೆ ನೂರಕ್ಕೂ ಹೆಚ್ಚು ಹುಡುಗರಿಗೆ ಸೋಂಕು ಖಚಿತವಾಯಿತು. ಅದೇ ತಿಂಗಳು ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಒಂದೇ ವಾರದಲ್ಲಿ 47 ಪ್ರಕರಣ ಬಂದಿವೆ, ಬಹುಪಾಲು ಗ್ರೀಕ್ ಸಂಘಗಳ ಪಾರ್ಟಿಗಳಿಂದ ಎಂದು ಪ್ರಕಟಿಸಿತು. ಆಗಸ್ಟ್ 10ರಂದು ಚಾಪೆಲ್ ಹಿಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ ತರಗತಿ ಶುರುಮಾಡಿತು. ಒಂದು ವಾರ ಕಳೆಯುವಷ್ಟರಲ್ಲಿ ನಾಲ್ಕು ಕಡೆ ಸೋಂಕಿನ ಗುಂಪುಗಳು ಕಾಣಿಸಿಕೊಂಡವು. ಮೂರು ವಿದ್ಯಾರ್ಥಿ ವಸತಿಗಳಲ್ಲಿ, ನಾಲ್ಕನೆಯದು ಒಂದು ಫ್ರಟರ್ನಿಟಿ ಮನೆಯಲ್ಲಿ. 19ರಿಂದ ಡಿಗ್ರಿ ತರಗತಿಗಳೆಲ್ಲ ಆನ್‌ಲೈನ್‌ಗೆ ಹೋದವು. ಗಮನಿಸಿ, ಮೂರು ಗುಂಪುಗಳು ಯೂನಿವರ್ಸಿಟಿ ಮಕ್ಕಳಿರುವ ವಸತಿಗಳಲ್ಲೇ ಇದ್ದವು. ಹಾಸ್ಟೆಲ್ ಎಂದರೆ ಸುರಕ್ಷಿತ ಎಂದು ಯಾರೂ ಭಾವಿಸಬೇಕಿಲ್ಲ.

ನಿಮ್ಮ ಮಗ ಇರುವ ರಾಜ್ಯದ ಕಥೆ ಹೆಚ್ಚು ವಿವರವಾಗಿ ಹೇಳಬೇಕು. ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಆಗ 40 ಗ್ರೀಕ್ ಮನೆಗಳಿದ್ದವು, ಸುಮಾರು 2,600 ವಿದ್ಯಾರ್ಥಿಗಳು ಅವುಗಳಲ್ಲಿ ವಾಸವಾಗಿದ್ದರು. ವಿಶ್ವವಿದ್ಯಾಲಯ ಲಕ್ಷಣವಿಲ್ಲದವರನ್ನೂ ಪರೀಕ್ಷೆ ಮಾಡಲು ಶುರುಮಾಡಿದಾಗ ಕೆಲವು ಮನೆಗಳಲ್ಲಿ ಪರೀಕ್ಷೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಸಿಟಿವ್ ಬಂದರು. ಯೂನಿವರ್ಸಿಟಿ ಹಾಸ್ಟೆಲ್‌ಗಳಲ್ಲಿ ಆ ಪ್ರಮಾಣ ಅದರ ಸಮೀಪಕ್ಕೂ ಇರಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಮನ್ರೋ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಆರೋಗ್ಯ ಇಲಾಖೆ 40ರಲ್ಲಿ 30 ಮನೆಗಳನ್ನು ಕ್ವಾರಂಟೈನ್ ಮಾಡಿತು. ವಿಶ್ವವಿದ್ಯಾಲಯ ಒಂದು ಹೆಜ್ಜೆ ಮುಂದೆ ಹೋಗಿ, ಈ ಮನೆಗಳನ್ನು ಮುಚ್ಚಿಬಿಡಿ, ಮಕ್ಕಳು ಬೇರೆ ಕಡೆ ಇರಲಿ ಎಂದು ಬಲವಾಗಿ ಸಲಹೆ ಮಾಡಿತು. ಸಲಹೆ ಅಷ್ಟೇ, ಆದೇಶ ಕೊಡಲಾಗಲಿಲ್ಲ. ಮನೆಗಳು ಖಾಸಗಿಯವರವು. ಬಾಡಿಗೆ ಕಟ್ಟಿದ ಪೋಷಕರು, ಸಾಲದ ಕಂತು ತುಂಬಬೇಕಾದ ಮಾಲೀಕ ನಿಗಮಗಳು, ಕೇಂದ್ರ ಸಂಘಗಳು, ಎಲ್ಲರಿಗೂ ಅವರವರ ಲೆಕ್ಕವಿತ್ತು. ಹತ್ತೇ ದಿನಗಳಲ್ಲಿ, ಸೆಪ್ಟೆಂಬರ್ 14ರಂದು ಮಿಶಿಗನ್ ರಾಜ್ಯದಲ್ಲೂ ಇಂಥದ್ದೇ ಆದೇಶ ಹೊರಬಿತ್ತು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸುತ್ತಲಿನ 30 ದೊಡ್ಡ ಮನೆಗಳನ್ನು ಕೌಂಟಿ ಕ್ವಾರಂಟೈನ್ ಮಾಡಿತು, ಅವುಗಳಲ್ಲಿ 23 ಫ್ರಟರ್ನಿಟಿ ಮತ್ತು ಸೊರೊರಿಟಿ ಮನೆಗಳು.

ಹಾಸ್ಟೆಲ್ ಯೂನಿವರ್ಸಿಟಿಯದೇ ಆಗಿದ್ದರೆ ಏನು ಸಾಧ್ಯವಿತ್ತು ಎನ್ನುವುದಕ್ಕೆ ಅದೇ ಆಗಸ್ಟ್‌ನ ಅರಿಜೋನಾ ವಿಶ್ವವಿದ್ಯಾಲಯವನ್ನು ನೋಡಿ. ಅಲ್ಲಿ ಒಂದು ಹಾಸ್ಟೆಲ್ಲಿನ ಚರಂಡಿ ನೀರಿನ ಮಾದರಿಯಲ್ಲಿ ವೈರಸ್ಸಿನ ಗುರುತು ಸಿಕ್ಕಿತು. ತಕ್ಷಣ ಅಲ್ಲಿದ್ದ 311 ಜನರನ್ನು ಪರೀಕ್ಷಿಸಿದರು, ಯಾವ ಲಕ್ಷಣವೂ ಇಲ್ಲದ ಇಬ್ಬರು ಸಿಕ್ಕರು, ಇಬ್ಬರನ್ನೂ ಬೇರೆ ಇಟ್ಟರು. ಕಟ್ಟಡ ನಮ್ಮದು, ಕೊಳವೆ ನಮ್ಮದು, ಮಕ್ಕಳನ್ನು ಪರೀಕ್ಷೆಗೆ ಕರೆಯುವ ಹಕ್ಕು ನಮ್ಮದು ಎಂದು ಇದ್ದುದರಿಂದ ಇದು ಆಯಿತು. ಖಾಸಗಿ ಮನೆಯ ಬಾಗಿಲಿಗೆ ಹೋಗಿ ಹೀಗೆ ಮಾಡಲು ಕೌಂಟಿಯವರು ಕಾಗದ ಹಿಡಿದು ಬರಬೇಕಾಗುತ್ತಿತ್ತು. ಅಷ್ಟರಲ್ಲಿ ಕಾಯಿಲೆ ಎರಡು ಸುತ್ತು ತಿರುಗಿ ಆಗಿರುತ್ತಿತ್ತು.

ಕ್ಯಾಲೆಂಡರಿನ ಪಾಲೂ ಇದೆ. ಹೊಸಬರನ್ನು ಸೇರಿಸಿಕೊಳ್ಳುವ ರಷ್ ಎಂಬ ವಾರ ಹಲವು ಕಡೆ ಕಾಲೇಜು ಶುರುವಾಗುವ ಹೊತ್ತಿಗೇ ಬರುತ್ತದೆ. ನಾನಾ ಊರುಗಳಿಂದ ಬಂದಿಳಿದ ಹದಿನೆಂಟರ ಹುಡುಗರು ದಿನಕ್ಕೆ ನಾಲ್ಕೈದು ಮನೆ ಸುತ್ತಿ, ಕೈಕುಲುಕಿ, ಗಟ್ಟಿಯಾಗಿ ಮಾತಾಡಿ, ರಾತ್ರಿ ಇನ್ನೆಲ್ಲೋ ಸೇರುತ್ತಾರೆ. 2020ರ ಆಗಸ್ಟ್‌ನಲ್ಲಿ ಹಲವು ವಿಶ್ವವಿದ್ಯಾಲಯಗಳು ಇದನ್ನು ಝೂಮ್‌ಗೆ ಹಾಕಿದವು. ಪರದೆಯ ಮೇಲೆ ಸಂದರ್ಶನವೇನೋ ನಡೆಯಿತು. ಆದರೆ ಆಯ್ಕೆಯಾದ ದಿನದ ಸಂಭ್ರಮವನ್ನು ಪರದೆಯ ಮೇಲೆ ಆಚರಿಸುವವರು ಯಾರು? ಅರ್ಕನ್ಸಾ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ 900ಕ್ಕೂ ಹೆಚ್ಚು ಪ್ರಕರಣಗಳಾದವು. ಯಾರು ಯಾರನ್ನು ಎಲ್ಲಿ ಕಂಡರು ಎಂದು ಅಲ್ಲಿನ ಅಧಿಕಾರಿಗಳು ಜಾಲ ಬಿಡಿಸಿ ನೋಡಿದಾಗ ರಷ್ ವಾರದ ಸುತ್ತಲಿನ ಫ್ರಟರ್ನಿಟಿ, ಸೊರೊರಿಟಿ ಕೂಟಗಳೇ ಎದ್ದು ಕಂಡವು.

ಇನ್ನು ಬಾಯಿಬಿಡದ ಒಗ್ಗಟ್ಟು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಪಾಸಿಟಿವ್ ಬಂದ ಹುಡುಗನಿಗೆ ನಾವು ಫೋನ್ ಮಾಡುತ್ತಿದ್ದೆವು. ಜ್ವರ ಎಂದಿನಿಂದ, ಎಲ್ಲಿ ಊಟ, ಎಲ್ಲಿ ನಿದ್ದೆ ಎಂಬವಕ್ಕೆ ಸಲೀಸಾಗಿ ಉತ್ತರ ಬರುತ್ತಿತ್ತು. ಶುಕ್ರವಾರ ರಾತ್ರಿ ಯಾರ ಜೊತೆಗಿದ್ದೆ ಎಂದೊಡನೆ ಫೋನಿನಲ್ಲಿ ಮೌನ. ಒಬ್ಬ ಹುಡುಗ, ದನಿಯಲ್ಲೇ ಗಂಟಲು ನೋವು ಗೊತ್ತಾಗುತ್ತಿತ್ತು, ನಾನು ಒಬ್ಬನೇ ಇದ್ದೆ ಸಾರ್ ಎಂದ. ನಲವತ್ತು ಮಂಚದ ಕೋಣೆಯಲ್ಲಿ ಮಲಗುವವನು ಹೇಳಿದ ಮಾತು ಅದು. ಸುಳ್ಳು ಹೇಳುವ ಹುಡುಗನಾಗಿರಲಿಲ್ಲ ಅವನು, ಹೆದರಿದ್ದ. ಹೆಸರು ಹೇಳಿದರೆ ಇಪ್ಪತ್ತು ಜನ ಹತ್ತು–ಹದಿನಾಲ್ಕು ದಿನ ಕೋಣೆ ಸೇರಬೇಕು. ಪಾರ್ಟಿ ನಡೆದದ್ದು ಗೊತ್ತಾದರೆ ಶಾಖೆಯ ಮಾನ್ಯತೆ ಹೋಗುತ್ತದೆ, ಕೆಲವು ಕಡೆ ಹುಡುಗರನ್ನು ಕಾಲೇಜಿನಿಂದಲೇ ಅಮಾನತು ಮಾಡುತ್ತಿದ್ದರು. ಸೋದರರಂತೆ ಇರುತ್ತೇವೆ ಎಂದು ಪ್ರಮಾಣ ಮಾಡಿ ಸೇರಿದ ಸಂಘದಲ್ಲಿ ಮೊದಲು ಬಾಯಿಬಿಟ್ಟವನ ಪಾಡು ಏನು? ಹತ್ತೊಂಬತ್ತು ವರ್ಷದವನ ತಲೆಯಲ್ಲಿ ಆ ಹೊತ್ತಿಗೆ ವೈರಸ್ಸಿಗಿಂತ ಇದು ದೊಡ್ಡದಾಗಿ ಕಾಣುತ್ತದೆ. ಕೆಲವು ಮನೆಗಳಲ್ಲಿ ಪರೀಕ್ಷೆಗೇ ಹೋಗಬೇಡಿ ಎಂಬ ಮಾತು ಹರಿದಾಡಿತು.

ಇದರಲ್ಲಿ ದೊಡ್ಡವರ ತಪ್ಪು ಬಹಳ ಇದೆ ಎಂದು ನಾನು ನಂಬುತ್ತೇನೆ. ಅರ್ಧ ತುಂಬಿದ ಊರಿಗೆ ಶುಲ್ಕ ವಸೂಲು ಮಾಡಿ ಮಕ್ಕಳನ್ನು ಕರೆಸಿಕೊಂಡದ್ದು ಆಡಳಿತ. ಬಂದ ಮೇಲೆ ಎಲ್ಲ ಹೊಣೆಯನ್ನೂ ಮಕ್ಕಳ ನಡತೆಯ ಮೇಲೆ ಹಾಕಿದ್ದೂ ಆಡಳಿತ. ಶಿಕ್ಷೆಯ ಸುತ್ತೋಲೆ ಬಂದ ಮರುದಿನವೇ ನಮ್ಮ ಫೋನಿಗೆ ಉತ್ತರಿಸುವವರು ಕಡಿಮೆಯಾಗುತ್ತಿದ್ದರು. ಆರೋಗ್ಯ ವಿಚಾರಿಸುವ ಫೋನು ಬೇರೆ, ಶಿಸ್ತಿನ ವಿಚಾರಣೆ ಬೇರೆ ಎಂದು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ, ಅದರಂತೆ ನಡೆದುಕೊಂಡಿದ್ದರೆ ಎಷ್ಟೋ ಸರಪಳಿಗಳನ್ನು ಮೊದಲೇ ಕಡಿಯಬಹುದಿತ್ತು.

ವಿಜ್ಞಾನ ಎಷ್ಟು ಚೆನ್ನಾಗಿದ್ದರೂ ಇಲ್ಲಿ ಎಡವುತ್ತಿತ್ತು. ಇಲಿನಾಯ್ ವಿಶ್ವವಿದ್ಯಾಲಯ ತಾನೇ ರೂಪಿಸಿದ ಜೊಲ್ಲಿನ ಪರೀಕ್ಷೆಯನ್ನು ಎಲ್ಲರಿಗೂ ವಾರಕ್ಕೆ ಎರಡು ಬಾರಿ ಮಾಡಿತು. ಅಲ್ಲಿನ ಭೌತವಿಜ್ಞಾನಿಗಳಾದ ನೈಜೆಲ್ ಗೋಲ್ಡನ್‌ಫೆಲ್ಡ್ ಮತ್ತು ಸೆರ್ಗೆ ಮಸ್ಲೊವ್ ಗಣಿತದ ಮಾದರಿ ಕಟ್ಟಿ, ಹುಡುಗರು ಪಾರ್ಟಿ ಮಾಡುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಆದರೂ ಮೊದಲ ವಾರಗಳಲ್ಲೇ ಪ್ರಕರಣಗಳು ಅಂದಾಜನ್ನು ಮೀರಿದವು. ಪಾಸಿಟಿವ್ ಎಂದು ಗೊತ್ತಿದ್ದೂ ಕೆಲವರು ಕೂಟಗಳಿಗೆ ಹೋದರು ಎಂಬುದು ಒಂದು ಕಾರಣ. ಎರಡು ವಾರ ಅಗತ್ಯದ ಕೆಲಸ ಬಿಟ್ಟು ಹೊರಗೆ ಬರಬಾರದು ಎಂದು ಬಿಗಿ ಮಾಡಿದ ಮೇಲೆ ಸಂಖ್ಯೆ ಇಳಿಯಿತು.

ಡ್ಯೂಕ್ ವಿಶ್ವವಿದ್ಯಾಲಯದ ಪ್ರಸಂಗ ಒಡೆತನದ ಗೊಂದಲವನ್ನು ಇನ್ನಷ್ಟು ಬಿಡಿಸಿ ತೋರಿಸುತ್ತದೆ. ಅಲ್ಲಿ 2021ರ ಆರಂಭದಲ್ಲಿ ಒಂಬತ್ತು ಫ್ರಟರ್ನಿಟಿಗಳು ಹೊಸಬರ ಸೇರ್ಪಡೆಯ ನಿಯಮ ಒಪ್ಪದೆ ವಿಶ್ವವಿದ್ಯಾಲಯದ ನಂಟನ್ನೇ ಕಡಿದುಕೊಂಡು ಬೇರೆ ಒಕ್ಕೂಟ ಕಟ್ಟಿಕೊಂಡವು. ಮಾರ್ಚ್‌ನಲ್ಲಿ ಸೇರ್ಪಡೆಯ ಪಾರ್ಟಿಗಳಾದವು. ಒಂದೇ ವಾರದಲ್ಲಿ 180ರಷ್ಟು ವಿದ್ಯಾರ್ಥಿಗಳು ಸೋಂಕಿನಿಂದ ಪ್ರತ್ಯೇಕವಾಸ ಸೇರಿದರು. ಮಾರ್ಚ್ 13ರಂದು ಡಿಗ್ರಿ ವಿದ್ಯಾರ್ಥಿಗಳೆಲ್ಲರೂ ಒಂದು ವಾರ ಕೋಣೆಯಲ್ಲೇ ಇರಬೇಕು ಎಂದು ಆದೇಶವಾಯಿತು. ಯಾವ ಸಂಘಕ್ಕೂ ಸೇರದೆ, ಯಾವ ಪಾರ್ಟಿಗೂ ಹೋಗದೆ ಓದುತ್ತಿದ್ದ ಮಕ್ಕಳೂ ಅದರ ಬೆಲೆ ತೆತ್ತರು.

ಇದರ ಜೊತೆಗೆ, ಕೋವಿಡ್‌ಗಿಂತ ನನ್ನನ್ನು ಹೆಚ್ಚು ಕಾಡಿದ ಎರಡು ಸಾವುಗಳನ್ನು ಹೇಳಲೇಬೇಕು. 2021ರ ಫೆಬ್ರವರಿ ಕೊನೆಯಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿ, ಮಾರ್ಚ್ ಮೊದಲ ವಾರದಲ್ಲಿ ಓಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ, ಸೇರ್ಪಡೆಯ ಹೆಸರಿನಲ್ಲಿ ವಿಪರೀತ ಮದ್ಯ ಕುಡಿಸಿದ್ದರಿಂದ ಇಬ್ಬರು ವಿದ್ಯಾರ್ಥಿಗಳು ಸತ್ತರು. ಸಾರ್ವಜನಿಕ ಕೂಟಗಳಿಗೆ ನಿರ್ಬಂಧವಿದ್ದ ಕಾಲ ಅದು. ದೊಡ್ಡ ಕೂಟಗಳು ನಿಂತವು ಎಂದು ಹೊರಗಿನವರು ನೆಮ್ಮದಿಪಟ್ಟುಕೊಂಡಾಗ ಒಳಗೆ ಮುಚ್ಚಿದ ಬಾಗಿಲ ಹಿಂದೆ ಹೇಜಿಂಗ್, ಅಂದರೆ ನಮ್ಮ ರ‍್ಯಾಗಿಂಗ್‌ನ ಕ್ರೂರ ರೂಪ, ನಡೆದೇ ಇತ್ತು. ಎರಡೂ ಶಾಖೆಗಳನ್ನು ಆಯಾ ವಿಶ್ವವಿದ್ಯಾಲಯ ಶಾಶ್ವತವಾಗಿ ಹೊರಹಾಕಿತು. ನಮ್ಮಲ್ಲಿ 2009ರಲ್ಲಿ ಯುಜಿಸಿ ರ‍್ಯಾಗಿಂಗ್ ವಿರುದ್ಧ ದೇಶಕ್ಕೆಲ್ಲ ಅನ್ವಯಿಸುವ ನಿಯಮ ತಂದಿತು. ಅಮೆರಿಕದಲ್ಲಿ ದೇಶಮಟ್ಟದ ಕಾಯ್ದೆ ಬಂದದ್ದು 2024ರ ಡಿಸೆಂಬರ್‌ನಲ್ಲಿ.

ಇಷ್ಟೆಲ್ಲ ಹೇಳಿ, ಇನ್ನೊಂದು ಮುಖವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2020ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯಗಳು ಕೆಲವೇ ದಿನಗಳ ಗಡುವು ಕೊಟ್ಟು ಹಾಸ್ಟೆಲ್ ಖಾಲಿ ಮಾಡಿಸಿದವು. ಅದೇ ತಿಂಗಳು ಭಾರತ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿತು. ಹೊರದೇಶಗಳಲ್ಲಿ ಸಿಲುಕಿದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದದ್ದು ಮೇ 7ರಂದು. ಮಧ್ಯದ ಆ ವಾರಗಳಲ್ಲಿ ನಮ್ಮ ಮಕ್ಕಳು ಎಲ್ಲಿಗೆ ಹೋಗಬೇಕಿತ್ತು? ನಾನಿದ್ದ ಊರಿನಲ್ಲಿ ಬಾಗಿಲು ತೆರೆದಿಟ್ಟುಕೊಂಡ ಫ್ರಟರ್ನಿಟಿ ಮನೆಗಳು ಕೆಲವರಿಗೆ ನೆಲೆ ಕೊಟ್ಟವು, ಸಂಘಕ್ಕೆ ಸೇರದವರಿಗೂ. ಜುಲೈ 6ರಂದು ಪೂರ್ತಿ ಆನ್‌ಲೈನ್ ಓದುವ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು ಎಂದು ಸರ್ಕಾರ ಪ್ರಕಟಿಸಿದಾಗ (ಹಾರ್ವರ್ಡ್ ಮತ್ತು ಎಂಐಟಿ ಕೋರ್ಟಿಗೆ ಹೋದ ಮೇಲೆ 14ರಂದು ಅದನ್ನು ಹಿಂತೆಗೆದುಕೊಂಡಿತು) ವಕೀಲರಾದ ಹಳೆಯ ಸದಸ್ಯರನ್ನು ಹುಡುಕಿ ಫೋನ್ ಹಚ್ಚಿಕೊಟ್ಟವರು ಇದೇ ಹುಡುಗರು. ಒಂಟಿತನ ಆ ವರ್ಷ ಎಷ್ಟು ಮಕ್ಕಳನ್ನು ತಿಂದಿತು ಎಂಬುದನ್ನು ಆರೋಗ್ಯ ಕೇಂದ್ರದಲ್ಲಿ ಕಂಡಿದ್ದೇನೆ. ಅರವತ್ತು ಜನರ ನಡುವೆ ಇದ್ದವರಿಗೆ ಆ ಕಷ್ಟ ಕಡಿಮೆಯಿತ್ತು.

ಚೆನ್ನಾಗಿ ನಡೆದ ಮನೆಗಳೂ ಇದ್ದವು. ಅವು ಮಾಡಿದ್ದು ದೊಡ್ಡ ವಿಷಯವೇನಲ್ಲ. ಒಟ್ಟು ಮಲಗುವ ಕೋಣೆಗೆ ಬೀಗ ಹಾಕಿ ಓದುವ ಕೋಣೆಯಲ್ಲೇ ಮಂಚ ಹಾಕಿಕೊಂಡರು. ಎರಡು ಕೋಣೆ, ಒಂದು ಬಚ್ಚಲು ಕಾಯಿಲೆಯವರಿಗೆಂದೇ ಖಾಲಿ ಬಿಟ್ಟರು. ಅಡುಗೆಯವರು, ಅವರಲ್ಲಿ ಅನೇಕರು ವಯಸ್ಸಾದವರು, ಊಟವನ್ನು ಡಬ್ಬಿಗೆ ತುಂಬಿ ಬಾಗಿಲಲ್ಲಿಡುವ ಹಾಗೆ ಮಾಡಿ ಅವರನ್ನು ಉಳಿಸಿಕೊಂಡರು. ಒಂದು ಮನೆಯ ಅಧ್ಯಕ್ಷ, ಇನ್ನೂ ಇಪ್ಪತ್ತು ತುಂಬಿರದ ಹುಡುಗ, ಅಡುಗೆಮನೆಯ ಬೋರ್ಡಿನ ಮೇಲೆ ಎಲ್ಲರ ಪರೀಕ್ಷೆಯ ದಿನ ಬರೆದು, ಪಾಸಿಟಿವ್ ಬಂದವನನ್ನು ಬಯ್ಯುವವನು ಅವನ ಪಾತ್ರೆ ತೊಳೆಯಬೇಕು ಎಂದು ನಿಯಮ ಮಾಡಿದ್ದ. ಆ ಮನೆಯಿಂದ ನಮಗೆ ಹೆಸರುಗಳು ನಾವು ಕೇಳುವ ಮೊದಲೇ ಬರುತ್ತಿದ್ದವು.

ಇದೆಲ್ಲ ಹೊಸದೂ ಅಲ್ಲ. 1918ರ ಅಕ್ಟೋಬರ್ 1ರಂದು, ಮೊದಲ ಮಹಾಯುದ್ಧದ ಕೊನೆಯಲ್ಲಿ, ಅಮೆರಿಕ 500ಕ್ಕೂ ಹೆಚ್ಚು ಕಾಲೇಜುಗಳಲ್ಲಿ ವಿದ್ಯಾರ್ಥಿ ಸೇನಾ ತರಬೇತಿ ದಳ ಶುರುಮಾಡಿತು. ಹುಡುಗರನ್ನು ಇಡಲು ಜಾಗವಿಲ್ಲದೆ ಅನೇಕ ಕಡೆ ಫ್ರಟರ್ನಿಟಿ ಮನೆಗಳನ್ನೇ ಬ್ಯಾರಕ್ ಮಾಡಿದರು. ಅದೇ ವಾರಗಳಲ್ಲಿ ಇನ್‌ಫ್ಲುಯೆಂಜಾ ಬಂತು, ಒತ್ತೊತ್ತಾಗಿ ಹಾಕಿದ ಮಂಚಗಳ ನಡುವೆ ಓಡಾಡಿತು. ಆಗ ಪಾರ್ಟಿ ಇರಲಿಲ್ಲ, ಸೇನೆಯ ಶಿಸ್ತು ಇತ್ತು.

ಲಸಿಕೆ ಬಂದಾಯಿತಲ್ಲ, ಇನ್ನೇನು ಭಯ ಎನ್ನುವವರಿಗೆ ನಾನು ನಮ್ಮ ಧಾರವಾಡವನ್ನು ನೆನಪಿಸುತ್ತೇನೆ. 2021ರ ನವೆಂಬರ್‌ನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಕಾರ್ಯಕ್ರಮದ ಬೆನ್ನಿಗೆ ಮೊದಲು 66 ಜನರಿಗೆ, ಕೆಲವೇ ದಿನಗಳಲ್ಲಿ 281 ಜನರಿಗೆ ಸೋಂಕು ಕಂಡಿತು. ಹೆಚ್ಚಿನವರು ಎರಡೂ ಡೋಸ್ ಹಾಕಿಸಿಕೊಂಡಿದ್ದವರು, ಹಾಗಾಗಿ ಬಹುತೇಕರಿಗೆ ಕಾಯಿಲೆ ಹಗುರವಾಗಿಯೇ ಹೋಯಿತು. ಆದರೆ ಹರಡುವುದು ನಿಲ್ಲಲಿಲ್ಲ. ವೈದ್ಯರಾಗಲು ಓದುತ್ತಿದ್ದ ಮಕ್ಕಳ ಹಾಸ್ಟೆಲ್ ಅದು. ಅಮೆರಿಕದ ಹುಡುಗರಿಗೆ ಬುದ್ಧಿ ಕಡಿಮೆ, ನಮ್ಮವರು ಹಾಗಲ್ಲ ಎನ್ನಲು ಬರುವುದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ, ಬೇಡ ಎನ್ನಲೇ. ಅವನು ಈಗಾಗಲೇ ಸೇರಿಯಾಗಿದೆ, ವಯಸ್ಸಿಗೆ ಬಂದವನು. ಬೇಡ ಎಂದರೆ ನಿಮಗೆ ಹೇಳದೆ ಇರುತ್ತಾನೆ ಅಷ್ಟೇ. ನಾನಾಗಿದ್ದರೆ ಬೇಡ ಎನ್ನುವುದಿಲ್ಲ, ಮನೆಯನ್ನು ತೋರಿಸು ಎನ್ನುತ್ತೇನೆ. ವಿಡಿಯೋ ಕಾಲ್ ಮಾಡಿ ಮಲಗುವ ಜಾಗಕ್ಕೆ ಕರೆದುಕೊಂಡು ಹೋಗಲು ಹೇಳಿ. ಒಂದು ಕೋಣೆಯಲ್ಲಿ ಎಷ್ಟು ಮಂಚ, ಕಿಟಕಿ ತೆರೆಯುತ್ತದೆಯೇ, ಬೆಂಕಿ ಬಿದ್ದರೆ ಇಳಿಯಲು ಇನ್ನೊಂದು ದಾರಿ ಇದೆಯೇ ನೋಡಿ. ಜ್ವರ ಬಂದವನು ಎಲ್ಲಿ ಮಲಗುತ್ತಾನೆ ಎಂದು ಕೇಳಿ. ಇದಕ್ಕೆ ತಡವರಿಸದೆ ಉತ್ತರ ಬಂದರೆ ಆ ಮನೆಯನ್ನು ಯಾರೋ ಯೋಚಿಸಿ ನಡೆಸುತ್ತಿದ್ದಾರೆ ಎಂದರ್ಥ. ಹುಡುಗರ ಜೊತೆ ಮನೆಯಲ್ಲಿ ವಾಸ ಮಾಡುವ ಹಿರಿಯರು, ಹೌಸ್ ಡೈರೆಕ್ಟರ್ ಎನ್ನುತ್ತಾರೆ, ಇದ್ದಾರೆಯೇ? ಇದ್ದರೆ ಅವರ ನಂಬರ್ ಇಟ್ಟುಕೊಳ್ಳಿ. ಬಾಡಿಗೆ ಒಪ್ಪಂದದಲ್ಲಿ ಮನೆ ಮುಚ್ಚಿದರೆ ಹಣ ವಾಪಸ್ ಬರುತ್ತದೆಯೇ ಎಂಬ ಸಾಲನ್ನು ಹುಡುಕಿ ಓದಿ. 2020ರಲ್ಲಿ ಅನೇಕ ಪೋಷಕರು ಆ ಸಾಲನ್ನು ಓದಿದ್ದು ಮನೆ ಖಾಲಿಯಾದ ಮೇಲೆ.

ನಾನು ಹೇಳಿದ 2024ರ ಕಾಯ್ದೆಯ ಪ್ರಕಾರ ಪ್ರತಿ ವಿಶ್ವವಿದ್ಯಾಲಯವೂ ಹೇಜಿಂಗ್ ತಪ್ಪಿಗೆ ಸಿಕ್ಕಿಬಿದ್ದ ಸಂಘಗಳ ವರದಿಯನ್ನು ತನ್ನ ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು. ಶಿವಮೊಗ್ಗದಲ್ಲಿ ಕೂತೇ ಅದನ್ನು ಓದಬಹುದು. ಮಗನ ಸಂಘದ ಹೆಸರು ಅಲ್ಲಿದ್ದರೆ ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ. ಆ ಒಂದು ಸಂದರ್ಭದಲ್ಲಿ ಬೇಡ ಎಂದು ಗಟ್ಟಿಯಾಗಿ ಹೇಳಿ.

ಲಸಿಕೆಯ ಕಾಗದ ಒಮ್ಮೆ ತೆಗೆದು ನೋಡಿ. ಇಂಥ ಮನೆಗಳಲ್ಲಿ ಕೋವಿಡ್‌ಗಿಂತ ಮೊದಲೂ ಮಂಗನಬಾವು ಹರಡಿದೆ. 2016–17ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಬಂದಿತ್ತು, ಗ್ರೀಕ್ ಸಂಘಗಳ ನಡುವೆ ಹೆಚ್ಚು. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಕೊಡುವ ಎಂಆರ್ ಲಸಿಕೆಯಲ್ಲಿ ದಡಾರ, ರುಬೆಲ್ಲಾ ಮಾತ್ರ ಇವೆ, ಮಂಗನಬಾವಿನದು ಇಲ್ಲ. ಅದಕ್ಕೆ ಮೂರನ್ನೂ ಒಳಗೊಂಡ ಎಂಎಂಆರ್ ಎರಡು ಡೋಸ್ ಆಗಿದೆಯೇ ಖಚಿತ ಮಾಡಿಕೊಳ್ಳಿ. ಮಿದುಳುಪೊರೆಯ ಉರಿಯೂತಕ್ಕೆ ಎರಡು ಬೇರೆ ಬೇರೆ ಲಸಿಕೆಗಳಿವೆ. ಎಸಿಡಬ್ಲ್ಯುವೈ ಎಂಬುದನ್ನು ಅಮೆರಿಕದ ಬಹುಪಾಲು ಮಕ್ಕಳು ಹಾಕಿಸಿಕೊಂಡಿರುತ್ತಾರೆ, ಬಿ ಮಾದರಿಯದನ್ನು ಕೇಳಿ ಹಾಕಿಸಿಕೊಳ್ಳಬೇಕಾಗುತ್ತದೆ. 2013ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಈ ಬಿ ಮಾದರಿ ಕಾಣಿಸಿಕೊಂಡಾಗ ಅಮೆರಿಕದಲ್ಲಿ ಇನ್ನೂ ಪರವಾನಗಿ ಇಲ್ಲದ ಲಸಿಕೆಯನ್ನು ವಿಶೇಷ ಅನುಮತಿಯ ಮೇಲೆ ತರಿಸಬೇಕಾಯಿತು. ಈಗ ಅದು ವಿದ್ಯಾರ್ಥಿ ಆರೋಗ್ಯ ಕೇಂದ್ರದಲ್ಲೇ ಸಿಗುವುದುಂಟು. ಫ್ಲೂ ಲಸಿಕೆ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ.

ಒಂದು ಕಾಗದಕ್ಕೆ ಅವನಿಂದ ಸಹಿ ಹಾಕಿಸಿ. ಹದಿನೆಂಟು ದಾಟಿದವನ ಆರೋಗ್ಯದ ವಿಷಯವನ್ನು ಅಮೆರಿಕದ ಆಸ್ಪತ್ರೆ ಸಾಮಾನ್ಯವಾಗಿ ಅವನ ಒಪ್ಪಿಗೆಯಿಲ್ಲದೆ ತಾಯಿತಂದೆಗೂ ಹೇಳುವುದಿಲ್ಲ. ವಿದ್ಯಾರ್ಥಿ ಆರೋಗ್ಯ ಕೇಂದ್ರದಲ್ಲಿ ಒಪ್ಪಿಗೆಯ ನಮೂನೆ ಇರುತ್ತದೆ, ನಿಮ್ಮ ಹೆಸರನ್ನು ಅದರಲ್ಲಿ ಬರೆಸಿ.

ಮತ್ತೆ ಅವನಿಗೆ ಒಂದು ಮಾತು ಕೊಡಿ: ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಫೋನ್ ಮಾಡಿದರೂ ಮೊದಲು ಬಯ್ಯುವುದಿಲ್ಲ ಎಂದು. ಕೊಟ್ಟರೆ ಉಳಿಸಿಕೊಳ್ಳಿ, ಕಷ್ಟ ಅದರಲ್ಲೇ ಇದೆ. ಇಂಡಿಯಾನಾದಲ್ಲಿ 2012ರಿಂದ ಲೈಫ್‌ಲೈನ್ ಎಂಬ ಕಾನೂನಿದೆ. ಕುಡಿದು ಪ್ರಜ್ಞೆ ತಪ್ಪಿದ ಗೆಳೆಯನಿಗಾಗಿ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ, ಸಹಾಯ ಬರುವವರೆಗೂ ಅವನ ಜೊತೆಗಿದ್ದು, ಪೊಲೀಸರಿಗೆ ಸಹಕರಿಸಿದ ಹುಡುಗನ ಮೇಲೆ, ಅವನೂ ಕುಡಿಯಲು ಕಾನೂನು ಒಪ್ಪುವ ಇಪ್ಪತ್ತೊಂದರ ಒಳಗಿದ್ದು ಕುಡಿದಿದ್ದರೂ, ಆ ಕಾರಣಕ್ಕೆ ಕೇಸು ಹಾಕುವುದಿಲ್ಲ. ಇದು ನಿಮ್ಮ ಮಗನಿಗೆ ಗೊತ್ತಿದೆಯೇ ಎಂದು ಮುಂದಿನ ಫೋನಿನಲ್ಲೇ ಕೇಳಿ.